ಮಂದೆಯಲ್ಲಿ ಒಂದು ಕುರಿ ಹೆಚ್ಚಾದ ಪದ

ಬಾಯಲ್ಲಿದ್ದ ಪದ ಬಾಯಲ್ಲೇ ಇದ್ದರೆ ಯಾರಿಗೂ ತಂಟೆಯಿಲ್ಲ. ಅದನ್ನು ಯಾರಾದರೂ ಬರೆದಿಟ್ಟರೆ ಮಾತ್ರ ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಒಂದಲ್ಲ ಒಂದು ಜಗಳ ಎದ್ದೇ ಏಳುತ್ತದೆ. ಬರೆದಿಡುವವಳು ನಾನೇ ಆದ್ದರಿಂದ ಈ ಮಾತನ್ನು ಅಧಿಕಾರದಿಂದ ಹೇಳಬಲ್ಲೆ.

ನಾನು ಬಿ.ಎ. ಓದಿದವಳು. ನಮ್ಮೂರಿನಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹೆಂಗಸು. ಮದುವೆಮನೆಗಳಲ್ಲಿ ಉಳಿದ ಹೆಂಗಸರು ಸೋಬಾನೆ ಹಾಡುತ್ತಿದ್ದರೆ ನಾನು ಕಂಬಕ್ಕೆ ಒರಗಿ ಕೂತು ನೋಟ್‌ಬುಕ್ಕಿಗೆ ಇಳಿಸುತ್ತಿದ್ದೆ. ಯಾರು ಹಾಡಿದರು, ಯಾರ ಮನೆಯ ಮದುವೆ, ಎಷ್ಟು ನುಡಿ, ನಡುವೆ ಯಾರು ಮರೆತರು, ಯಾರು ಎತ್ತಿಕೊಟ್ಟರು, ಎಲ್ಲವೂ ಇದೆ. ಅಂಥ ಹನ್ನೊಂದು ನೋಟ್‌ಬುಕ್ಕು ನನ್ನ ಟ್ರಂಕಿನಲ್ಲಿವೆ. "ಊಟಕ್ಕೆ ಏಳೇ" ಎಂದು ಅತ್ತೆ ಕರೆದರೆ "ಈ ನುಡಿ ಮುಗೀಲಿ ತಡೀರಿ" ಎನ್ನುತ್ತಿದ್ದೆ. ಎಷ್ಟೋ ಮದುವೆಗಳಲ್ಲಿ ನನಗೆ ಪಾಯಸ ಸಿಕ್ಕಿಲ್ಲ, ಪದ ಸಿಕ್ಕಿದೆ.

ಆ ಪದಗಳಲ್ಲಿ ಒಂದರಿಂದ ನನ್ನ ಮೊಮ್ಮಗಳ ಮದುವೆಯೇ ನಿಂತುಹೋಗುವ ಹಂತಕ್ಕೆ ಹೋಗಿ, ಪುಣ್ಯಕ್ಕೆ ವಾಪಸು ಬಂತು. ವಾಪಸು ಬಂತು ಎಂದು ಮೊದಲೇ ಹೇಳಿಬಿಡುತ್ತೇನೆ. ಆ ಮೂರು ವಾರ ನಾನು ಎದೆ ಹಿಡಿದುಕೊಂಡು ಕೂತಿದ್ದು ಸಾಕು, ಓದುವವರೂ ಕೂರುವುದು ಬೇಡ.

೧. ದಾಖಲೆ ಅಂದ್ರೆ ದಾಖಲೆ

ಮೊಮ್ಮಗಳು ಯಗಟಿ ಕಡೆ ದನಕುರಿಗಳ ಡಾಕ್ಟರು. ಹಾಸ್ಟೆಲಿನಲ್ಲಿದ್ದಾಗ ಗಿಟಾರ್ ಕಲಿತಿದ್ದಾಳೆ. ಲಕ್ಕವಳ್ಳಿಯ ಅಣೆಕಟ್ಟಿನಲ್ಲಿ ಇಂಜಿನಿಯರಾಗಿರುವ, ಅಜ್ಜಂಪುರ ಕಡೆಯ ಒಬ್ಬ ಹುಡುಗನನ್ನು ಅವಳೇ ಮೆಚ್ಚಿಕೊಂಡಿದ್ದಳು. ಎರಡೂ ಮನೆಯವರು ಒಪ್ಪಿ ವೀಳ್ಯಶಾಸ್ತ್ರಕ್ಕೆ ದಿನವನ್ನೂ ಗೊತ್ತುಮಾಡಿದ್ದೆವು. ಆ ಖುಷಿಯಲ್ಲಿ ಒಂದು ಭಾನುವಾರ ಅವಳು ನನ್ನ ಟ್ರಂಕು ತೆಗೆದು, "ಅಜ್ಜಿ, ಇದರಲ್ಲಿ ಪ್ರೀತಿ ಗೀತಿ ಇರೋ ಪದ ಯಾವುದೂ ಇಲ್ವಾ? ಬರೀ ಅರಿಶಿನ ಕುಟ್ಟೋದೇ ಇದೆಯಲ್ಲ?" ಎಂದಳು.

ನಾನು ಕೆಂಚವ್ವನ ಪದ ತೆಗೆದುಕೊಟ್ಟೆ. ಕಥೆ ಇಷ್ಟೆ. ಹಗೇವಿನ ಮನೆಯ ಮಗಳು ಕೆಂಚವ್ವ. ಹಗೇವು ಎಂದರೆ ರಾಗಿ ತುಂಬಿಡುವ ನೆಲದ ಗುಂಡಿ; ಅದು ಇದ್ದ ಮನೆ ಅನುಕೂಲಸ್ಥರ ಮನೆ. ಗೊಬ್ಬರಕ್ಕೆಂದು ಅವರ ಹೊಲದಲ್ಲಿ ಕುರಿಮಂದೆ ಕೂರಿಸಿದ್ದಾರೆ. ಕೆಂಚವ್ವನಿಗೆ ಕುರಿ ಕಾಯುವವನ ಮೇಲೆ ಮನಸ್ಸು. ಅವಳ ವೀಳ್ಯಶಾಸ್ತ್ರದ ದಿನವೇ ಮಂದೆ ಎದ್ದು ಬೇರೆ ಊರಿಗೆ ಹೊರಡುತ್ತದೆ. ಆಮೇಲಿನದು ಹೀಗಿದೆ:

ಕರಿಯ ಕಂಬಳಿ ಹೊದ್ದು ಹಗೇವಿನ ಮನೆ ಕೆಂಚವ್ವ
ನಡುಮಂದೆಯಾಗೆ ನುಸುಳ್ಯಾಳೆ – ಮೊಣಕಾಲೂರಿ
ಬಗ್ಗಿ ನಡೆದಾಳೆ ಕುರಿಯಾಗಿ

ಬೇಲಿಬಾಯಲಿ ನಿಂತು ಅಪ್ಪಯ್ಯ ಎಣಿಸ್ಯಾನೆ
ಒಂದು ಹೆಚ್ಚಾಯ್ತು ಅಂದಾನೆ – ಮೀಸೆ ತಿರುವಿ
ನಮ್ಮ ಹೊಲದಲ್ಲೇ ಈದದ್ದು

ಹಜಾರದಲ್ಲಿ ಕೂತು ಗಿಟಾರ್ ಮೀಟಿ ಅವಳು ಹಾಡಿದಳು. ಸೊಸೆ ಫೋನಿನಲ್ಲಿ ಹಿಡಿದಳು. ನಮ್ಮ ಯಜಮಾನರು ಮಾತಾಡುವುದೇ ಕಡಿಮೆ, ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಅವರೂ ತೋಟದಿಂದ ಬಂದು ನಿಂತು ಕೇಳಿ, "ಏಕತಾರಿಗೆ ಇಷ್ಟೊಂದು ತಂತಿ ಯಾಕೆ?" ಎಂದು ಹೇಳಿ ಕೈಕಾಲು ತೊಳೆಯಲು ಹೋದರು.

ಯೂಟ್ಯೂಬಿಗೆ ಹಾಕುವಾಗ ನಾನು ಹಟ ಹಿಡಿದೆ. "ಹಾಡಿದವರು: ಹೆಣ್ಣಿನ ಕಡೆಯ ಹೆಂಗಸರು. ಬರೆದುಕೊಂಡದ್ದು: ಅಜ್ಜಂಪುರ ಕಡೆ ಹಗೇವಿನ ಮನೆಯ ಮದುವೆಯಲ್ಲಿ. ಘಟನೆ ನಡೆದದ್ದು: ಅದೇ ಮನೆಯಲ್ಲಿ. ಇಷ್ಟನ್ನೂ ಕೆಳಗೆ ಹಾಕು."

"ಅಜ್ಜಿ, ಅಷ್ಟೆಲ್ಲ ಯಾರು ಓದ್ತಾರೆ?"

"ಓದದಿದ್ರೆ ಬಿಡಲಿ. ದಾಖಲೆ ಅಂದ್ರೆ ದಾಖಲೆ ಕಣೇ."

ಪದವನ್ನು ಎಷ್ಟು ಜನ ಪೂರ್ತಿ ಕೇಳಿದರೋ ತಿಳಿಯದು. ಕೆಳಗಿದ್ದ ಆ ಸಾಲುಗಳನ್ನು ಮಾತ್ರ ಮೂರು ತಾಲ್ಲೂಕಿನಲ್ಲಿ ಒಬ್ಬರೂ ಬಿಡದೆ ಓದಿದ್ದರು.

೨. ಯಗಟಿ ಬಸ್ಸಿನಲ್ಲಿ ಎಣಿಕೆ

ವಾರ ಕಳೆದಿತ್ತು. ಮೊಮ್ಮಗಳಿಗೆ ಚಟ್ನಿಪುಡಿ ಕೊಟ್ಟುಬರೋಣವೆಂದು ಕಡೂರಿನಲ್ಲಿ ಯಗಟಿ ಬಸ್ಸು ಹತ್ತಿದೆ. ಮುಂದಿನ ಸೀಟಿನಲ್ಲಿ ಒಬ್ಬ ಹುಡುಗಿ ಫೋನಿನಲ್ಲಿ ಕೆಂಚವ್ವನ ಪದ ಹಾಕಿಕೊಂಡಿದ್ದಳು. ನನಗೋ ಒಳಗೊಳಗೇ ಹೆಮ್ಮೆ. ‘ಬರೆದುಕೊಂಡವಳು ನಾನೇ’ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಸೀಟಿನಿಂದ ಒಬ್ಬ ಬಿಳಿ ಬಟ್ಟೆಯ ಹಿರಿಯರು ಗುಡುಗಿದರು.

"ಆಫ್ ಮಾಡವ್ವ ಅದ್ನ! ಇಂಥವು ಕೇಳ್ಕೊಂಡೇ ಹೆಣ್ಮಕ್ಳು ಹಾದಿ ತಪ್ಪೋದು. ಅಪ್ಪನ ಕಣ್ಣಿಗೆ ಮಣ್ಣೆರಚಿ ಹೋದೋಳ್ದು ಒಂದು ಹಾಡು!"

ಹುಡುಗಿ ಹೆದರಿ ಆಫ್ ಮಾಡಿದಳು. ನಾನೂ ತೆರೆದ ಬಾಯಿ ಮುಚ್ಚಿಕೊಂಡೆ. ಹಿಂದಿನಿಂದ, ಹೆಗಲ ಮೇಲೆ ಕಂಬಳಿ ಹಾಕಿದ್ದವರೊಬ್ಬರು ಎದ್ದು ನಿಂತರು.

"ಯಾಕ್ರೀ ಯಜಮಾನ್ರೇ? ನಮ್ಮೋನೇನು ಹೊತ್ಕೊಂಡ್ ಹೋದ್ನಾ? ಆಯಮ್ಮನೇ ನಡ್ಕೊಂಡ್ ಬಂದವ್ಳೆ. ಅದೂ ಮೊಣಕಾಲೂರಿ! ನಮ್ಮ ಹುಡುಗ ಅಷ್ಟು ಕಷ್ಟ ಕೊಟ್ಟಿದ್ದು ತಪ್ಪು ಅನ್ನಿ, ಒಪ್ತೀನಿ."

"ನಿಮ್ಗೆ ಮಾನ ಮರ್ಯಾದೆ ಇಲ್ವೇನ್ರೀ?"

"ಐತೆ. ಅದ್ಕೇ ಕಂಬಳಿ ಹೊದ್ದುಸ್ಕೊಂಡ್ ಕರ್ಕೊಂಡೋದ."

ಬಸ್ಸಿಗೆ ಬಸ್ಸೇ ಎರಡು ಭಾಗವಾಯಿತು. ಕಂಡಕ್ಟರ್ ಪಾಪ, ಸೀಟು ಸೀಟು ಎಣಿಸುತ್ತಾ ಬಂದವನು ಮತ್ತೆ ಮೊದಲಿನಿಂದ ಎಣಿಸಿ, ತಲೆ ಕೆರೆದುಕೊಂಡು ಕೂಗಿದ: "ಸ್ವಲ್ಪ ಸುಮ್ನಿರಿ ಕಣ್ರಪ್ಪೋ! ಕೊಟ್ಟಿರೋ ಟಿಕೆಟ್‌ಗಿಂತ ಒಂದು ತಲೆ ಹೆಚ್ಚೈತೆ!"

ಇಡೀ ಬಸ್ಸು ಗೊಳ್ಳೆಂದಿತು. "ಕಂಬಳಿಯೋರ್ನ ನೋಡು, ಕಂಬಳಿಯೋರ್ನ!" ಎಂದು ನಾಲ್ಕು ಕಡೆಯಿಂದ ಕೂಗು. ಕಂಬಳಿಯವರು ಜೇಬಿನಿಂದ ಟಿಕೆಟ್ ತೆಗೆದು ಎತ್ತಿ ಹಿಡಿದರು.

ಟಿಕೆಟ್ ಇಲ್ಲದ ಆ ಒಂದು ತಲೆ ಬಿಳಿ ಬಟ್ಟೆಯವರದ್ದೇ.

೩. ತರೀಕೆರೆಯಿಂದ ಬಂದ ತಿದ್ದುಪಡಿ

ತರೀಕೆರೆಯಿಂದ ನಿವೃತ್ತ ಮೇಷ್ಟರೊಬ್ಬರು ಹೆಂಡತಿಯ ಸಮೇತ ನಮ್ಮ ಮನೆಗೇ ಬಂದರು. ಕೈಯಲ್ಲಿ ನಾಲ್ಕು ಪುಟದ ಬರಹ. ಕಾಫಿ ಮುಟ್ಟಲಿಲ್ಲ.

"ಅಮ್ಮಾ, ನಾವೂ ಜಾನಪದದ ಅಭಿಮಾನಿಗಳೇ. ಹುಡುಗಿ ಓಡಿಹೋದ್ಲು, ಹೋಗ್ಲಿ. ಗಿಟಾರ್ ಬಾರಿಸಿದ್ರು, ಅದೂ ಹೋಗ್ಲಿ. ಆದ್ರೆ ಅಪ್ಪ ಅನ್ನೋನಿಗೆ ಅವಮಾನ ಮಾಡ್ಬಾರ್ದು. ಮಗಳು ಯಾವುದು, ಕುರಿ ಯಾವುದು ಅಂತ ಹೆತ್ತ ತಂದೆಗೆ ಗೊತ್ತಾಗಲ್ವೇ?"

"ಪದದಲ್ಲಿ ಇರೋದು ಹಾಗೆ ಮೇಷ್ಟ್ರೇ. ನಾನು ಬರ್ಕೊಂಡವಳು ಅಷ್ಟೆ."

"ಅದಕ್ಕೇ ಕೊನೇ ನುಡಿ ತಿದ್ಕೊಂಡು ಬಂದಿದೀನಿ" ಎಂದು ಕನ್ನಡಕ ಏರಿಸಿ ಓದಿದರು. ಅವರ ನುಡಿಯಲ್ಲಿ ಅಪ್ಪ ಎಣಿಸುತ್ತಾನೆ, ಅನುಮಾನ ಪಡುತ್ತಾನೆ, ಕಂಬಳಿ ಎಳೆಯುತ್ತಾನೆ, ಮಗಳಿಗೆ ಬುದ್ಧಿ ಹೇಳುತ್ತಾನೆ, ಮಗಳು ಪಶ್ಚಾತ್ತಾಪಪಟ್ಟು ಟೀಚರ್ ಟ್ರೈನಿಂಗ್ ಸೇರುತ್ತಾಳೆ.

ಅವರ ಹೆಂಡತಿ ಕಾಫಿ ಲೋಟ ಕೆಳಗಿಟ್ಟು ಮೆಲ್ಲಗೆ ಹೇಳಿದರು:

"ಪದ ಇದ್ದ ಹಾಗೇ ಇರ್ಲಿ ಬಿಡಿ ಅಮ್ಮ. ಇವ್ರು ಬೀರೂರು ಸ್ಟೇಷನ್ನಲ್ಲಿ ನಮ್ಮ ಮಗಳನ್ನ ಬಿಟ್ಟು, ಪಕ್ಕದ ಮನೆ ಹುಡುಗೀನ ಕೈಹಿಡ್ಕೊಂಡು ಮನೇಗೆ ಬಂದಿದ್ರು. ಆ ಮಗು ಊಟ ಮಾಡಿ ಎದ್ದು, ‘ಮೇಷ್ಟ್ರೇ, ನಾನಿನ್ನು ನಮ್ಮನೇಗೆ ಹೋಗ್ಲಾ’ ಅಂದಾಗ್ಲೇ ಇವ್ರಿಗೆ ಗೊತ್ತಾಗಿದ್ದು."

ಮೇಷ್ಟರು ಕಾಫಿ ಕುಡಿದರು.

೪. ಅಜ್ಜಂಪುರದ ಫೋನು

ಇಷ್ಟರವರೆಗೆ ನಗುತ್ತಲೇ ಇದ್ದೆವು. ವೀಳ್ಯಶಾಸ್ತ್ರಕ್ಕೆ ಇನ್ನು ಎಂಟೇ ದಿನ ಎನ್ನುವಾಗ ಗಂಡಿನ ದೊಡ್ಡಪ್ಪ ಫೋನ್ ಮಾಡಿದರು. ಆ ಮನೆಯ ಯಜಮಾನಿಕೆ ಅವರದೇ.

"ನೋಡಿ ಅಮ್ಮ, ನಾನು ಸುತ್ತಿ ಬಳಸಿ ಮಾತಾಡೋನಲ್ಲ. ನಿಮ್ಮ ಮೊಮ್ಮಗಳು ಹಾಡಿರೋ ಆ ಹಗೇವಿನ ಮನೆ ಯಾರ್ದು ಅಂತ ಗೊತ್ತಾ?"

"ಯಾರ್ದು?"

"ನಮ್ದು!"

ಆ ಮನೆ ಈಗ ತಾರಸಿಯದು, ಎಲ್ಲರೂ ‘ಇಂಜಿನಿಯರ್ ಮನೆ’ ಎನ್ನುತ್ತಾರೆ. ಹಗೇವು ಮುಚ್ಚಿ ಅದರ ಮೇಲೆ ಕಾರ್ ಶೆಡ್ ಕಟ್ಟಿದ್ದಾರೆ. ಐವತ್ತು ವರ್ಷದ ಹಿಂದೆ, ಹೊಸ ಸೊಸೆಯಾಗಿ, ಅತ್ತೆಯ ಹಿಂದೆ ಹೆಣ್ಣಿನ ಕಡೆಯವರ ಗುಂಪಿನಲ್ಲಿ ನಾನು ಹೋಗಿ ಪದ ಬರೆದುಕೊಂಡ ಮನೆ ಅದೇ ಎಂದು ನನಗೆ ಹೊಳೆಯುವುದಾದರೂ ಹೇಗೆ?

ದೊಡ್ಡಪ್ಪನ ಷರತ್ತು ಎರಡು. ಪದ ತೆಗೆಯಬೇಕು. ಮತ್ತು ಆ ದಾಖಲೆ ಸುಳ್ಳು ಎಂದು ನಾನೇ ವಿಡಿಯೋದಲ್ಲಿ ಕೂತು ಹೇಳಬೇಕು. "ಇಲ್ದಿದ್ರೆ ವೀಳ್ಯಕ್ಕೆ ನಾವು ಬರಲ್ಲ. ನಮ್ಮವ್ವನ ಕಿವಿಗೆ ಇನ್ನೂ ಹಾಕಿಲ್ಲ. ಕೇಳಿದ್ರೆ ಎದೆ ಒಡ್ಕೊಂತಾಳೆ."

ಮೊಮ್ಮಗಳು ಪದವನ್ನು ಅವತ್ತೇ ತೆಗೆದಳು. ಅಷ್ಟರಲ್ಲಿ ಜನ ಫೋನಿಂದ ಫೋನಿಗೆ ಕಳಿಸಿ ಆಗಿತ್ತು. ಎರಡನೆಯ ಷರತ್ತಿಗೆ ಮಾತ್ರ ನನ್ನ ನಾಲಿಗೆ ಹೊರಳಲಿಲ್ಲ. ಕೇಳಿದ್ದನ್ನು ಕೇಳಿದ ಹಾಗೆ ಬರೆದವಳು ನಾನು. ಸುಳ್ಳು ಎನ್ನುವುದು ಹೇಗೆ? ಎರಡು ದಿನ ಹಾಗೇ ಕಳೆಯಿತು. ಮೂರನೆಯ ದಿನ ಮೊಮ್ಮಗಳು ಯಗಟಿಯಿಂದ ಬಂದು ನನ್ನ ಪಕ್ಕ ಕೂತಳು. ಮುಖ ಬಾಡಿತ್ತು.

"ಅಜ್ಜಿ, ನಿನ್ನ ಪುಸ್ತಕ ಸುಳ್ಳು ಅಂತ ನೀನು ಹೇಳ್ಬೇಡ. ಆದ್ರೆ ಅವನನ್ನ ಬಿಟ್ಬಿಡು ಅಂತ ನನಗೂ ಹೇಳ್ಬೇಡ."

ಅವತ್ತು ಸಂಜೆ ಆ ಹುಡುಗನೇ ಫೋನ್ ಮಾಡಿದ.

"ಅಜ್ಜಿ, ನೀವು ತಪ್ಪು ತಿಳ್ಕೋಬೇಡಿ. ಹುಡುಗಿ ಓಡಿಹೋಗಿದ್ದು ದೊಡ್ಡಪ್ಪನಿಗೆ ಅಷ್ಟೇನೂ ಬೇಜಾರಿಲ್ಲ."

"ಮತ್ತೆ?"

"ನಮ್ಮ ವಂಶದ ಪಟೇಲರು ಲೆಕ್ಕದಲ್ಲಿ ಬಹಳ ಗಟ್ಟಿ ಅಂತೆ. ಶಾನುಭೋಗರ ಲೆಕ್ಕಾನೇ ತಿದ್ತಿದ್ರಂತೆ. ಅವ್ರು ಮಗಳನ್ನ ಕುರಿ ಲೆಕ್ಕಕ್ಕೆ ಸೇರಿಸ್ಕೊಂಡ್ರು ಅಂತ ನೀವು ಬರೆದಿದ್ದೀರಲ್ಲ, ಅದು ಅವ್ರಿಗೆ ನಿದ್ದೆ ಕೊಡ್ತಿಲ್ಲ."

೫. ಟ್ರಂಕಿನ ಸಮೇತ ನ್ಯಾಯ

ಇನ್ನು ಫೋನಿನಲ್ಲಿ ಆಗುವ ಕೆಲಸವಲ್ಲ ಎಂದು ಯಜಮಾನರನ್ನೂ ಮೊಮ್ಮಗಳನ್ನೂ ಕರೆದುಕೊಂಡು, ನೋಟ್‌ಬುಕ್ಕಿನ ಟ್ರಂಕನ್ನು ಕಾರಿಗೆ ಹಾಕಿಸಿ, ಅಜ್ಜಂಪುರಕ್ಕೇ ಹೋದೆ. ಅಲ್ಲಿ ಏಳೆಂಟು ಹಿರಿಯರು ಆಗಲೇ ಕೂತಿದ್ದರು. ಗೋಡೆಯ ಮೇಲೆ ಪೇಟ ಸುತ್ತಿದ ಪಟೇಲರ ಚಿತ್ರ. ನೋಡಿದರೆ ಯಾವ ಲೆಕ್ಕವೂ ತಪ್ಪುವ ಮುಖವಲ್ಲ. ಮೂಲೆಯಲ್ಲಿ ದೊಡ್ಡಪ್ಪನ ತಾಯಿ, ಅಂದರೆ ಹುಡುಗನ ಅಜ್ಜಿ, ಎಲೆ ಅಡಿಕೆ ಕುಟ್ಟುತ್ತಾ ಕೂತಿದ್ದರು. ನನ್ನ ವಾರಿಗೆಯವರು. ವೀಳ್ಯದ ಸಾಮಾನಿನ ಮಾತುಕತೆಗೆ ಬಂದಿದ್ದೇವೆಂದು ಅವರಿಗೆ ಹೇಳಿದ್ದರಂತೆ.

ನಾನು ನೋಟ್‌ಬುಕ್ ಬಿಡಿಸಿ ಓದಿದೆ. "ಹಗೇವಿನ ಮನೆಯ ಮದುವೆ. ಧಾರೆಯ ದಿನ ಮಧ್ಯಾಹ್ನ. ಹಾಡಿದವರು ಹೆಣ್ಣಿನ ಕಡೆಯ ಐದು ಜನ ಹೆಂಗಸರು. ಇದು ನಾನು ಕಣ್ಣಾರೆ ಕಂಡು ಬರೆದದ್ದು, ಸುಳ್ಳು ಹೇಗಾಗುತ್ತೆ ಹೇಳಿ."

"ಕಂಡಿದ್ದು ಹಾಡಿದ್ದನ್ನ. ಓಡಿದ್ದನ್ನ ಕಂಡ್ರಾ?" ಎಂದರು ದೊಡ್ಡಪ್ಪ.

ಎಲೆ ಕುಟ್ಟುವ ಸದ್ದು ನಿಂತಿತು. "ಯಾವ ಪದನಪ್ಪ ಅದು?" ಎಂದರು ಅಜ್ಜಿ.

"ನಿನಗ್ಯಾಕವ್ವ, ಸುಮ್ನಿರು."

"ನೀನ್ ಸುಮ್ನಿರ್ಲಾ. ಯಾವ ಪದ, ಓದವ್ವ ನೀನು."

ಅವರ ಎದೆಗೆ ಏನಾದರೂ ಆದರೆ ಎಂದು ಹೆದರುತ್ತಲೇ ಓದಿದೆ. ಮುಗಿಯುವ ಹೊತ್ತಿಗೆ ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಲುಗಾಡುತ್ತಿದ್ದರು. ಅಳುತ್ತಿದ್ದಾರೆಂದು ದೊಡ್ಡಪ್ಪ ಎದ್ದು ಓಡಿದರು. ಅಜ್ಜಿ ನಗುತ್ತಿದ್ದರು.

"ಅಯ್ಯೋ ಪೆದ್ದು ಮುಂಡೇವಾ! ಅದು ಬೀಗರ ಪದ ಕಣ್ರೋ! ಆ ಮದುವೇಲಿ ಮದುಮಗಳು ನಾನೇ. ಹಾಡಿದೋರು ನಮ್ಮತ್ತಿಗೆ, ನಮ್ಮ ಚಿಕ್ಕಮ್ಮದೀರು. ಗಂಡಿನ ಕಡೆಯೋರು ನಮ್ಮೋರ್ನ ಊಟಕ್ಕೆ ಎಬ್ಸೋದು ಹೊತ್ತು ಮಾಡಿದ್ರು, ಅದ್ಕೆ ಇವರ ಮನೆ ಹೆಸರು ಹಾಕಿ ಹಾಡಿದ್ರು. ಯಾರ ಮನೇಗೆ ಹೋದ್ರೆ ಅವರ ಮನೆ ಹೆಸರು! ಅಲ್ಲೇನು ಕೆಂಚವ್ವ ಇದ್ಲಾ, ಕುರಿ ಇತ್ತಾ?"

ಬೀಗರನ್ನು ಹಾಡಿನಲ್ಲಿ ಹಂಗಿಸುವುದು ನಮ್ಮ ಕಡೆ ಪ್ರತಿ ಮದುವೆಯಲ್ಲೂ ಉಂಟು. ‘ಬೀಗರ ಹೊಟ್ಟೆ ಗುಡಾಣ’ ಎಂಬಂಥ ಚಿಕ್ಕ ಪದಗಳಾದರೆ ನನಗೂ ತಿಳಿಯುತ್ತಿತ್ತು. ಇದು ಉದ್ದದ ಕಥೆ, ಎದೆ ಕರಗುವ ರಾಗ. ನಿಜವಾಗಿ ನಡೆದದ್ದೇ ಎಂದುಕೊಂಡೆ. ಜನಪದ ಹಾಡುಗಳಲ್ಲಿ ಚರಿತ್ರೆ ಅಡಗಿರುತ್ತದೆ ಎಂದು ಕಾಲೇಜಿನಲ್ಲಿ ಹೇಳಿಕೊಟ್ಟದ್ದು ಬೇರೆ ತಲೆಯಲ್ಲಿತ್ತು. ಕೂತು ಹಾಡಿದ ಯಾವ ಹೆಂಗಸಿಗೂ ಆಗದ ತಪ್ಪು, ಬರೆದುಕೊಳ್ಳುತ್ತಾ ಕೂತ ನನಗೊಬ್ಬಳಿಗೇ ಆಗಿತ್ತು.

ಅಷ್ಟಕ್ಕೇ ಮುಗಿದಿದ್ದರೆ ಮಾನ ಉಳಿಯುತ್ತಿತ್ತು. ಮೊಮ್ಮಗಳು ಟ್ರಂಕಿನಿಂದ ಇನ್ನೊಂದು ನೋಟ್‌ಬುಕ್ ತೆಗೆದು ಪುಟ ತಿರುವುತ್ತಿದ್ದವಳು, "ಅಜ್ಜಿ, ಇದೇ ಪದ ಇಲ್ಲೂ ಇದೆ, ಇನ್ನೊಂದರಲ್ಲೂ ಇದೆ. ಮನೆ ಹೆಸರು ಮಾತ್ರ ಬೇರೆ. ಕೆಳಗೆ ನೀನು ಏನೋ ಬರೆದಿದೀಯ" ಎಂದು ಗಟ್ಟಿಯಾಗಿ ಓದಿಯೇಬಿಟ್ಟಳು:

"‘ಈ ಭಾಗದಲ್ಲಿ ಮೂರು ಬೇರೆ ಬೇರೆ ಮನೆಗಳಿಂದ ಮೂವರು ಹೆಣ್ಣುಮಕ್ಕಳು, ಮೂವರಿಗೂ ಕೆಂಚವ್ವ ಎಂದೇ ಹೆಸರು, ಕುರಿಯ ವೇಷದಲ್ಲೇ ಹೊರಟುಹೋಗಿರುವುದು ಸಾಮಾಜಿಕ ಇತಿಹಾಸದ ದೃಷ್ಟಿಯಿಂದ ಬಹಳ ಗಮನಾರ್ಹ.’"

೬. ವೀಳ್ಯದ ದಿನ

ವೀಳ್ಯಶಾಸ್ತ್ರ ಗೊತ್ತಾದ ದಿನವೇ, ನಮ್ಮ ಮನೆಯಲ್ಲೇ ಆಯಿತು. ತಟ್ಟೆ ಬದಲಾಯಿತು, ಮೊಮ್ಮಗಳ ಮುಡಿಗೆ ಹೂವಾಯಿತು. ನನ್ನ ಎದೆಯ ಮೇಲಿಂದ ಒಂದು ಬೀಸುವ ಕಲ್ಲನ್ನೇ ಇಳಿಸಿದ ಹಾಗಾಯಿತು. ದೊಡ್ಡಪ್ಪನಂತೂ ಬೇರೆಯೇ ಮನುಷ್ಯ. ಬಂದವರಿಗೆಲ್ಲ "ಅದು ಬರೀ ಬೀಗರ ಪದ ಕಣ್ರೀ, ನಮ್ಮನೇಲಿ ಅಂಥದ್ದೇನೂ ನಡೆದಿಲ್ಲ, ಕೆಂಚವ್ವ ಅನ್ನೋಳೇ ಇರಲಿಲ್ಲ" ಎಂದು ಕೈ ಹಿಡಿದು ಹಿಡಿದು ಹೇಳುತ್ತಿದ್ದರು.

ಶಾಸ್ತ್ರ ಮುಗಿದ ಮೇಲೆ ಹುಡುಗನ ಅಜ್ಜಿ ಮಧ್ಯದ ಚಾಪೆಗೆ ಬಂದು ಕೂತರು. "ಐವತ್ತು ವರ್ಷ ನಮ್ಮನೆ ಹೆಸರು ಪುಸ್ತಕದಾಗೆ ಇಟ್ಕೊಂಡಿದ್ದೀಯ. ಈಗ ನಮ್ಮ ಸರದಿ ಬೀಗಿತ್ತಿ. ಬರ್ಕೋ ಬೇಕಾದ್ರೆ" ಎಂದು ಮೊಮ್ಮಗಳ ಕಡೆ ತಿರುಗಿ, "ಮೀಟವ್ವ ನಿನ್ ತಂಬೂರಿನ" ಎಂದರು. ಆಮೇಲೆ ಒಡಕು ಗಂಟಲಿನಲ್ಲಿ, ರಾಗ ಒಂದಿಷ್ಟೂ ತಪ್ಪದೆ ಎತ್ತಿದರು:

ಕರಿಯ ಕಂಬಳಿ ಹೊದ್ದು ಬಿ.ಎ. ಓದಿದ ಬೀಗಿತ್ತಿ
ನಡುಮಂದೆಯಾಗೆ ನುಸುಳ್ಯಾಳೆ – ಪುಸ್ತಕ ಕಚ್ಚಿ
ಬಗ್ಗಿ ನಡೆದಾಳೆ ಕುರಿಯಾಗಿ

ತೋಟದ ಬಾಯಲಿ ನಿಂತು ಬೀಗರು ಎಣಿಸ್ಯಾರೆ
ಒಂದು ಹೆಚ್ಚಾಯ್ತು ಅಂದಾರೆ – ಮೀಸೆ ತಿರುವಿ
ನಮ್ಮ ತೋಟದಲ್ಲೇ ಈದದ್ದು

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ನನ್ನ ಸೊಸೆ ಬಾಗಿಲ ಹಿಂದೆ ಹೋಗಿ ನಕ್ಕಳು. ನಾನೂ ನಕ್ಕೆ, ನಗದೆ ದಾರಿಯಿರಲಿಲ್ಲ. ನಮ್ಮ ಯಜಮಾನರು ಮಾತ್ರ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಅವರಿಗೆ ಬೇಜಾರಾಯಿತೇನೋ ಎಂದು ದೊಡ್ಡಪ್ಪ ಗಾಬರಿಯಿಂದ ಹತ್ತಿರ ಹೋದರು.

"ಬೀಗ್ರೇ, ತಮಾಷೆಗೆ ಹಾಡಿದ್ದು ಕಣ್ರೀ. ನಿಮ್ಮ ಎಣಿಕೆ ತಪ್ಪು ಅಂತ ಯಾರೂ ತಿಳ್ಕೊಳ್ಳಲ್ಲ."

ಯಜಮಾನರು ಎಲೆಗೆ ಸುಣ್ಣ ಸವರಿ, ಮಡಿಸಿ, ಬಾಯಿಗೆ ಹಾಕಿಕೊಂಡರು. ಆಮೇಲೆ ಅಂದರು:

"ನನ್ನ ಎಣಿಕೆ ಎಲ್ಲಿ ತಪ್ತು? ಒಂದು ಹೆಚ್ಚಿರೋದು ಗೊತ್ತಾಯ್ತು. ಯಾರು ಅಂತಾನೂ ಗೊತ್ತಾಯ್ತು. ಹೋಗೋಳನ್ನ ಯಾಕೆ ತಡೀಬೇಕು ಅಂತ ಸುಮ್ನೆ ಬಿಟ್ಟೆ."

ಚಪ್ಪರವೇ ಹಾರಿಹೋಗುವಂತೆ ನಗು ಎದ್ದಿತು. ಅದರ ನಡುವೆ ದೊಡ್ಡಪ್ಪ ಒಬ್ಬರೇ ನಗದೆ ಗರಬಡಿದವರಂತೆ ನಿಂತಿದ್ದರು. ಏನೋ ಹೊಳೆದು ಮುಖ ಅರಳುತ್ತಾ ಅರಳುತ್ತಾ ಹೋಯಿತು. ಅಲ್ಲಿಯವರೆಗೆ ಎಲ್ಲರ ಕೈ ಹಿಡಿದು ‘ಕೆಂಚವ್ವ ಇರಲೇ ಇಲ್ಲ’ ಎಂದು ಹೇಳುತ್ತಿದ್ದ ಮನುಷ್ಯ ನನ್ನ ಹತ್ತಿರ ದಡದಡ ಬಂದು, ನೋಟ್‌ಬುಕ್ಕನ್ನೂ ಪೆನ್ನನ್ನೂ ನನ್ನ ಕೈಗೆ ತುರುಕಿ ಹೇಳಿದರು:

"ಬರ್ಕೊಳ್ಳಿ ಅಮ್ಮ, ಬರ್ಕೊಳ್ಳಿ! ನಮ್ಮ ಪಟೇಲರಿಗೂ ಎಲ್ಲಾ ಗೊತ್ತಿತ್ತಂತೆ. ಕೆಂಚವ್ವನ್ನ ಅವ್ರೇ ಬೇಕಂತ ಬಿಟ್ಟಿದ್ದಂತೆ!"